ನಮ್ಮನೆಯವರು ಬಂದಿದಾರೆ

"ಹೆಂಡತಿ ಇರೋ ಗಂಡಸಿನ ಜೊತೆ ನನ್ನನ್ನ ಊರೆಲ್ಲ ಸುತ್ತಿಸೋಕೆ ಅಷ್ಟು ದೂರದಿಂದ ಕರೆಸ್ಕೊಂಡ್ಯೇನೇ? ನಾಚಿಕೆ ಆಗಲ್ವಾ ನಿನಗೆ?"

ನಾನು ಕೂಗಿದ ರಭಸಕ್ಕೆ ಗುಬ್ಬಿಯ ಕೈಯಲ್ಲಿದ್ದ ಈರುಳ್ಳಿ ಜಾರಿ ಸಿಂಕಿಗೆ ಬಿತ್ತು.

"ಮೆಲ್ಲಗೆ ಮಾತಾಡೇ ಮೆಣಸಿನಕಾಯಿ. ಇಲ್ಲಿ ಗೋಡೆ ತೆಳು. ಯಾರಿಗೆ ಹೆಂಡತಿ ಇರೋದು?"

"ಇನ್ಯಾರಿಗೆ? ನಿನ್ನ ಬೀಗರಿಗೆ!"

"ಬೀಗರಿಗಾ?" ಗುಬ್ಬಿ ನಕ್ಕಳು. "ಅವರಿಗೆ ಇರೋದು ಒಂದು ಚೀಲ ಸ್ಕ್ರೂಡ್ರೈವರು, ಅಷ್ಟೇ."

"ಹಲ್ಲು ಕಿರಿಬೇಡ. ಕಿವಿಯಾರೆ ಕೇಳಿಸ್ಕೊಂಡು ಬಂದಿದೀನಿ."

ಗುಬ್ಬಿ ಮತ್ತು ನಾನು ಊರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಮಧ್ಯಾಹ್ನದ ಬುತ್ತಿಯನ್ನು ಅವಳು ಕೊಕ್ಕಿನಿಂದ ಹೆಕ್ಕಿದಂತೆ ತಿನ್ನುತ್ತಿದ್ದಳು, ಅದಕ್ಕೆ ಗುಬ್ಬಿ. ನನಗೆ ಮೆಣಸಿನಕಾಯಿ ಎಂಬ ಹೆಸರು ಏಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಮದುವೆಯಾಗಿ ಈ ದೇಶಕ್ಕೆ ಬಂದಳು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು, ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ನಾನು ಊರಲ್ಲೇ ಉಳಿದು ಹೊಲಿಗೆ ಅಂಗಡಿ ಇಟ್ಟೆ. ಮದುವೆಯಾಗಲಿಲ್ಲ.

ಯಾಕೆಂದರೆ, ನನ್ನ ಅಕ್ಕನ ಗಂಡನಿಗೆ ಇನ್ನೊಂದು ಮನೆಯಿತ್ತು. ಅದು ನಮಗೆ ಗೊತ್ತಾದದ್ದು ಹೇಗೆ ಗೊತ್ತೇ? ಆ ಇನ್ನೊಂದು ಮನೆಯಾಕೆ ರವಿಕೆ ಹೊಲಿಸಲು ನನ್ನ ಅಂಗಡಿಗೇ ಬಂದಳು. ಹೊಲಿದಿಟ್ಟ ರವಿಕೆ ಒಯ್ಯಲು ಗಂಡ ಬರುತ್ತಾನೆಂದು ಅವನ ಹೆಸರು ಹೇಳಿದಳು. ಹೇಳಿದ ದಿನ ಬಾವನೇ ಬಂದು ನಿಂತ. ಅಂದಿನಿಂದ ನಾನು ಯಾವ ಗಂಡಸಿನ ಮಾತನ್ನೂ, ಬಟ್ಟೆಯನ್ನು ಮಗುಚಿ ಒಳಮೈ ನೋಡುವ ಹಾಗೆ ನೋಡದೆ ನಂಬಿದವಳಲ್ಲ.

ಗುಬ್ಬಿ ಫೋನಿನಲ್ಲಿ "ಏರ್‌ಪೋರ್ಟಿಗೆ ನಮ್ಮ ಬೀಗರು ಬರ್ತಾರೆ" ಎಂದಾಗಲೇ ನನಗೆ ಅನುಮಾನ ಬಂದಿತ್ತು. ಮಕ್ಕಳೇ ಇಲ್ಲದವಳಿಗೆ ಬೀಗರು ಎಲ್ಲಿಂದ ಬಂದರು? ಯಾರೋ ಮುದುಕಪ್ಪ ಕೋಲೂರಿಕೊಂಡು ನಿಂತಿರುತ್ತಾನೆಂದು ಹುಡುಕಿದರೆ, ಕಿವಿಯ ಪಕ್ಕ ಮಾತ್ರ ನರೆತ, ಸೊಂಟದಲ್ಲಿ ಕೀಲಿಗೊಂಚಲು ಕಟ್ಟಿಕೊಂಡ ಗಂಡಸು ನನ್ನ ಪೆಟ್ಟಿಗೆಗೆ ಕೈ ಹಾಕಿದ.

"ನೀವು ಗುಬ್ಬಿಗೆ ಯಾವ ಕಡೆಯಿಂದ ಬೀಗರು?" ಪೆಟ್ಟಿಗೆ ಬಿಡದೆ ಕೇಳಿದೆ.

"ಬಾಗಿಲ ಕಡೆಯಿಂದ," ಎಂದರು.

ಬೀಗ ರಿಪೇರಿ ಅವರ ಕೆಲಸ. ಗುಬ್ಬಿಯ ಮನೆಯ ಮೇಲಿನ ಮಹಡಿಯಲ್ಲೇ ವಾಸ. ಇಲ್ಲಿ ಕನ್ನಡ ಬಲ್ಲವರೆಲ್ಲ ಅವರನ್ನು ಬೀಗರು ಎಂದೇ ಕರೆಯುವುದು.

ಗುಬ್ಬಿ ಕೆಲಸಕ್ಕೆ ಹೋದಾಗ ಊರು ತೋರಿಸುವ ಜವಾಬ್ದಾರಿ ಅವರ ಮೇಲೆ ಬಿತ್ತು. ಜನ ಎತ್ತರದ ಗೋಪುರಕ್ಕೆ ಕತ್ತೆತ್ತಿ ಫೋಟೋ ತೆಗೆಯುವಾಗ ಇವರು ಅದರ ಬುಡದ ಬಾಗಿಲು ತೋರಿಸಿ, "ಈ ಬೀಗ ನೋಡಿ, ಹಟಮಾರಿ. ಅರ್ಧ ದಿನ ನನ್ನ ಗೋಳು ಹೊಯ್ಕೊಂಡಿತ್ತು," ಎನ್ನುತ್ತಿದ್ದರು. ನಾನೇನು ಕಡಿಮೆಯೇ? ಟ್ರಾಮಿನಲ್ಲಿ ಎದುರು ಕುಳಿತವರ ಕೋಟಿನ ಹೊಲಿಗೆಯನ್ನೇ ನೋಡುತ್ತಿದ್ದೆ. ನದಿ, ಸೇತುವೆ, ಹಳೇ ಬಟ್ಟೆ ಗುಡ್ಡೆ ಹಾಕಿ ಮಾರುವ ಓಣಿ, ಎಲ್ಲ ಕಡೆ ನಡೆದೆವು. ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಕೋಟಿನ ತೋಳು. ಊರನ್ನು ಊರಾಗಿ ನೋಡಿದವರು ಇಬ್ಬರೂ ಅಲ್ಲ.

ನನ್ನನ್ನು ನೋಡುವಾಗ ಮಾತ್ರ ಅವರ ಕಣ್ಣು ಹಿಂತಿರುಗಲು ಸ್ವಲ್ಪ ತಡಮಾಡುತ್ತಿತ್ತು. ನಾನು ಹುಬ್ಬು ಗಂಟಿಕ್ಕಿದರೆ ಕೀಲಿಗೊಂಚಲನ್ನು ಹಿಡಿದು ಎಣಿಸುವವರಂತೆ ನಟಿಸುತ್ತಿದ್ದರು.

"ಏನು, ಒಂದು ಕೀಲಿ ಕಮ್ಮಿ ಇದೆಯಾ?" ಎನ್ನುತ್ತಿದ್ದೆ.

"ಹೂಂ ಟೈಲರಮ್ಮ. ಯಾವ ಬೀಗದ್ದು ಅಂತ ಗೊತ್ತಾಗ್ತಿಲ್ಲ."

ಹಿತವಾಗಿತ್ತು, ಸುಳ್ಳೇಕೆ ಹೇಳಲಿ? ಹಿತವಾದಷ್ಟೂ ನನ್ನ ಅನುಮಾನ ಬೆಳೆಯಿತು. ಫೋನು ಬಂದರೆ ದೂರ ಹೋಗಿ ಮಾತನಾಡುತ್ತಿದ್ದರು. ಅವರ ಮನೆಯ ಬಾಗಿಲಿಗೆ ಒಂದಲ್ಲ, ಎರಡು ಬೀಗ. ಎಷ್ಟೋ ಸಲ ಅವರ ಬಾಗಿಲ ತನಕ ಹೋಗಿದ್ದರೂ "ಒಳಗೆ ಬನ್ನಿ" ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ.

ಗುಬ್ಬಿಯ ಮೇಲೆ ಕೂಗಾಡಿದ ಆ ದಿನ ಮಧ್ಯಾಹ್ನ ಪಾರ್ಕಿನ ಬೆಂಚಿನ ಮೇಲೆ ಕುಳಿತಿದ್ದೆವು. ಅವರ ಕೋಟಿನ ಮೇಲಿನ ಗುಂಡಿ ದಾರದ ತುದಿಯಲ್ಲಿ ತೂಗುತ್ತಿತ್ತು. ನೋಡಿ ನೋಡಿ ನನ್ನ ಕೈ ಕಡಿಯಿತು. ಚೀಲದಿಂದ ಸೂಜಿದಾರ ತೆಗೆದೆ.

"ಬಿಚ್ಚಿ ಕೊಡಿ ಕೋಟು."

"ಚಳಿ. ಹಾಗೇ ಹೊಲೀರಿ."

"ಚುಚ್ಚಿದ್ರೆ ನನ್ನ ಕೇಳ್ಬಾರದು."

"ಚುಚ್ಚದೆ ಯಾವತ್ತು ಮಾತಾಡಿದೀರಿ ನೀವು?"

ಹೊಲಿದು ಮುಗಿಸಿ ದಾರ ಕಡಿಯಬೇಕು. ನನ್ನ ಕತ್ತರಿಯನ್ನು ವಿಮಾನ ಹತ್ತುವಾಗಲೇ ಕಿತ್ತುಕೊಂಡಿದ್ದರು. ಬಗ್ಗಿ ಹಲ್ಲಿನಿಂದ ಕಡಿದೆ. ಕೆನ್ನೆಗೆ ಕೋಟಿನ ಉಣ್ಣೆ ತಾಗಿತು. ಉಣ್ಣೆಯ ಹಿಂದೆ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ದಾರ ತುಂಡಾದದ್ದೇ ನನಗೆ ತಿಳಿಯಲಿಲ್ಲ.

ತಲೆಯೆತ್ತುವ ಮೊದಲೇ ಅವರು ಕೇಳಿದರು. "ನಿಮ್ಮ ಟಿಕೆಟ್ಟನ್ನ ಮುಂದಕ್ಕೆ ಹಾಕೋಕಾಗಲ್ವಾ?"

ಆಗುತ್ತದೆ ಎನ್ನಲು ಬಾಯಿ ತೆರೆದಿದ್ದೆ. ಫೋನು ಬಡಿದುಕೊಂಡಿತು. ಅವರು ಎದ್ದು ಮರದ ಆಚೆ ಹೋದರು. ಗಾಳಿ ನನ್ನ ಕಡೆಗಿತ್ತು. ಒಂದೊಂದು ಮಾತೂ ಕೇಳಿಸಿತು.

"ಇವತ್ತು ಆಗಲ್ಲಣ್ಣ... ನಮ್ಮನೆಯವರು ಬಂದಿದಾರೆ... ಹೂಂ, ಊರಿಂದ... ಸ್ವಲ್ಪ ಕೋಪ ಜಾಸ್ತಿ, ಆದ್ರೆ ಮನಸ್ಸು ಚಿನ್ನ."

ನಮ್ಮನೆಯವರು! ಕನ್ನಡದಲ್ಲಿ ಗಂಡಸು ಹಾಗೆಂದರೆ ಯಾರೆಂದು ಕೂಸಿಗೂ ಗೊತ್ತು. ಚಿನ್ನದಂಥ ಹೆಂಡತಿ ಊರಿಂದ ಬಂದು ಮನೆಯಲ್ಲಿ ಕುಳಿತಿದ್ದಾಳೆ, ಈ ಮನುಷ್ಯ ಇಲ್ಲಿ ನನ್ನ ಕೈಯಲ್ಲಿ ಗುಂಡಿ ಹಾಕಿಸಿಕೊಳ್ಳುತ್ತಿದ್ದಾನೆ. ಕಂಡರಿಯದ ಆ ಹೆಂಗಸಿನ ಮೇಲೆ ನನಗೆ ಕನಿಕರ ಬಂತು. ಸೂಜಿಯನ್ನು ಬೆಂಚಿಗೆ ಚುಚ್ಚಿ, ತಿರುಗಿಯೂ ನೋಡದೆ ಬಂದುಬಿಟ್ಟೆ.

ಇಷ್ಟನ್ನೂ ಕೇಳಿದ ಗುಬ್ಬಿ ಸಿಂಕಿನಿಂದ ಈರುಳ್ಳಿ ಹೆಕ್ಕಿ ಮತ್ತೆ ಹೆಚ್ಚತೊಡಗಿದಳು. ನಗು ಮಾಯವಾಗಿತ್ತು.

"ಇಷ್ಟು ವರ್ಷದಲ್ಲಿ ಅವರ ಬಾಗಿಲಲ್ಲಿ ಒಂದು ಹೆಣ್ಣಿನ ಚಪ್ಪಲಿ ನಾನು ಕಂಡಿಲ್ಲ ಕಣೆ."

"ಬಾಗಿಲ ಒಳಗೆ ಕಂಡಿದ್ಯಾ?"

ಅವಳ ಚಾಕು ನಿಂತಿತು. "ಒಳಗೆ... ಇಲ್ಲ. ಒಳಗೆ ಯಾರೂ ಹೋಗಿಲ್ಲ."

"ನೋಡ್ದ್ಯಾ? ಇಬ್ಬರ ಕಿವಿಗೂ ಹೂವಿಟ್ಟಿದಾರೆ."

ಆಗ ಬಾಗಿಲ ಗಂಟೆ ಹೊಡೆಯಿತು. ನಾನೇ ಹೋಗಿ ತೆರೆದೆ. ಬೀಗರು. ಓಡಿ ಬಂದಿದ್ದರೆಂದು ಕಾಣುತ್ತದೆ, ಏದುಸಿರು. ಕೈಯಲ್ಲಿ ಕಾಗದ ಸುತ್ತಿದ ಏನೋ ಪೊಟ್ಟಣ.

"ಯಾಕೆ ಎದ್ದು ಬಂದ್ರಿ? ಎಲ್ಲ ಕಡೆ ಹುಡುಕಿದೆ."

"ಬೀಗರೇ, ನಿಮ್ಮನೆಯವರಿಗೆ ಹೇಳಿ ಬಂದ್ರಾ, ಇಲ್ಲ ಕದ್ದು ಬಂದ್ರಾ?"

"ಯಾರಿಗೆ?"

"ನಾಟಕ ಬೇಡ. ನಮ್ಮನೆಯವರು ಬಂದಿದಾರೆ ಅಂತ ಫೋನಲ್ಲಿ ಅಂದ್ರೋ ಇಲ್ವೋ?"

ಅವರ ಮುಖ ಕೆಂಪಗಾಯಿತು. ಸಿಕ್ಕಿಬಿದ್ದ ಕಳ್ಳನ ಮುಖ. ಇಲ್ಲ ಎಂದು ಸುಳ್ಳನ್ನಾದರೂ ಹೇಳಲಿ ಎಂದು ಆ ಕ್ಷಣ ಆಸೆಪಟ್ಟೆ.

"ಅಂದೆ," ಎಂದರು.

"ಎಲ್ಲಿದಾರೆ ಆಕೆ?"

ಅವರು ನೆಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಇಲ್ಲೇ ಇದಾರೆ. ಬಾಗಿಲಲ್ಲಿ ನಿಂತು ಬೈತಿದಾರೆ."

ಅಡುಗೆಮನೆಯಲ್ಲಿ ಚಾಕು ಕೆಳಗೆ ಬಿದ್ದ ಸದ್ದಾಯಿತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಮತ್ತೂ ಸಿಟ್ಟು ಬಂತು. "ನನ್ನ ಕೇಳದೆ ನನ್ನನ್ನ ನಿಮ್ಮನೆಯವರು ಮಾಡೋಕೆ ನೀವ್ಯಾರು?"

"ತಪ್ಪಾಯ್ತು. ಅಂಗಡಿ ಯಜಮಾನರು ಕೆಲಸಕ್ಕೆ ಬಾ ಅಂದ್ರು. ಆಗಲ್ಲ ಅಂದಿದ್ದಕ್ಕೆ ಯಾಕೆ ಅಂತ ಕೇಳಿದ್ರು. ಆ ಮಾತು ತಾನಾಗೇ ಬಾಯಿಗೆ ಬಂತು. ಅಂದ ಮೇಲೆ, ಅದನ್ನ ವಾಪಸ್ ತಗೊಳೋಕೆ ಮನಸ್ಸು ಬರಲಿಲ್ಲ."

"ಬಣ್ಣದ ಮಾತು ನಾನೂ ಬೇಕಾದಷ್ಟು ಕೇಳಿದೀನಿ. ಬಾಗಿಲಿಗೆ ಎರಡು ಬೀಗ ಯಾಕೆ?"

"ಗಿರಾಕಿಗೆ ಹಾಕೋ ಹೊಸ ಬೀಗಾನ ಮೊದಲು ನನ್ನ ಬಾಗಿಲಲ್ಲಿ ಹಾಕಿ ನೋಡ್ತೀನಿ."

"ಮತ್ತೆ ಒಂದು ದಿನಾನೂ ಒಳಗೆ ಕರೀಲಿಲ್ಲ?"

"ಒಂಟಿ ಗಂಡಸು ಕರೆದ್ರೆ ನೀವು ಅನುಮಾನ ಪಡ್ತೀರಿ ಅಂತ."

"ಕರೀದಿದ್ದಕ್ಕೂ ಪಟ್ಟೆ!"

"ಗೊತ್ತಾಗ್ತಿದೆ." ಅವರು ಗೊಂಚಲಿನಿಂದ ಎರಡು ಕೀಲಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ಬೆರಳು ತಾಗಿದ್ದು ಆಕಸ್ಮಿಕವೇನಲ್ಲ. "ನನ್ನ ಮಾತು ನಂಬಬೇಡಿ. ಒಬ್ಬರೇ ಹೋಗಿ ನೋಡಿ. ನಾನು ಇಲ್ಲೇ ಕೂತಿರ್ತೀನಿ. ಇದನ್ನೂ ಇಟ್ಕೊಳ್ಳಿ."

ಪೊಟ್ಟಣ ಬಿಚ್ಚಿದೆ. ಪುಟ್ಟ ಕತ್ತರಿ. ಹಿಡಿಕೆಗೆ ಬೆರಳು ಹಾಕಿ ಗಾಳಿಯಲ್ಲಿ ಒಮ್ಮೆ ಕತ್ತರಿಸಿದೆ. ಒಳ್ಳೇ ಮಾಲು.

"ಇನ್ಮೇಲೆ ಹಲ್ಲಿಂದ ಕಡಿಬೇಡಿ," ಎಂದರು. "ನನ್ನ ಎದೆ ತಡ್ಕೊಳಲ್ಲ."

"ಗುಬ್ಬೀ, ಅನ್ನಕ್ಕೆ ತಟ್ಟೆ ಮುಚ್ಚಿಡೇ, ನೋಡಿ ಬರ್ತೀನಿ," ಎಂದು ಕೂಗಿ ಮೆಟ್ಟಿಲು ಹತ್ತಿದೆ.

ಎರಡು ಬೀಗದಲ್ಲಿ ಒಂದು ಬೀಗ ಹಾಕಿಯೇ ಇರಲಿಲ್ಲ. ಒಳಗೆ ಹೋಗಿ ಎಲ್ಲ ಜಾಲಾಡಿದೆ. ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು. ಬಚ್ಚಲಿನಲ್ಲಿ ಒಂದೇ ಬ್ರಷ್ಷು. ಬಾಚಣಿಗೆ ಎತ್ತಿ ಬೆಳಕಿಗೆ ಹಿಡಿದೆ, ಉದ್ದ ಕೂದಲಿಲ್ಲ. ಕಪಾಟು ತೆರೆದರೆ ಒಂದು ಅಂಗಿಗಾದರೂ ನೆಟ್ಟಗೆ ಗುಂಡಿಯಿಲ್ಲ. ಒಂದೇ ಒಂದಕ್ಕೆ ಪೂರ್ತಿ ಇದ್ದವು. ಅಲ್ಲೇ ನನ್ನ ಕಿವಿ ನೆಟ್ಟಗಾಯಿತು. ಯಾರು ಹೊಲಿದರು ಇದನ್ನು? ಮಗುಚಿ ನೋಡಿದೆ. ಬಿಳಿ ಅಂಗಿಗೆ ಕಪ್ಪು ದಾರ, ಗೋಣಿಚೀಲ ಹೊಲಿದ ಹಾಗೆ ಗಂಟು. ಯಾವ ಹೆಂಗಸೂ ಅಂಥ ಪಾಪ ಮಾಡಲಾರಳು.

ಆ ಕಪ್ಪು ದಾರ ಕತ್ತರಿಸದೆ ಇರಲು ನನ್ನಿಂದಾಗಲಿಲ್ಲ. ಹೆಗಲಲ್ಲೇ ಇದ್ದ ಚೀಲದಿಂದ ಇನ್ನೊಂದು ಸೂಜಿ, ದಾರ, ಗುಂಡಿ ತೆಗೆದು, ಕಿಟಕಿಯ ಬಳಿ ಕುರ್ಚಿ ಎಳೆದು ಕುಳಿತೆ.

ಮೂರನೇ ಅಂಗಿ ಮುಗಿಸುವಾಗ ಬಾಗಿಲಲ್ಲಿ ನೆರಳು ಬಿತ್ತು. ಅವರ ಮನೆಗೆ ಅವರೇ ಒಳಗೆ ಬರಲು ಹಿಂಜರಿಯುತ್ತಿದ್ದರು.

"ನೋಡಿ ಆಯ್ತಾ?"

"ಎಲ್ಲಿ ಆಯ್ತು? ಮಂಚದ ಕೆಳಗೆ ಇನ್ನೂ ನೋಡಿಲ್ಲ."

"ನಿಧಾನಕ್ಕೆ ನೋಡಿ. ಟಿಕೆಟ್ಟು...?"

"ಮುಂದಕ್ಕೆ ಹಾಕಿ," ಎಂದೆ, ಸೂಜಿಯಿಂದ ಕಣ್ಣೆತ್ತದೆ. "ಈ ಗುಂಡಿಗಳೆಲ್ಲ ಮುಗೀಬೇಕಲ್ಲ. ಸುಮ್ನೆ ನಿಂತು ಬೆಳಕಿಗೆ ಅಡ್ಡ ಬರಬೇಡಿ."

ಬೆಳಕಿಗೆ ಅಡ್ಡ ಬರದ ಹಾಗೆ ಬಂದು, ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತರು.

ನನ್ನ ಪೆಟ್ಟಿಗೆಯನ್ನು ಮಾರನೇ ದಿನ ಗುಬ್ಬಿಯೇ ಬೈಯುತ್ತಾ ಮೇಲೆ ಹೊತ್ತು ತಂದಳು. ಈಗಲೂ ಸಿಕ್ಕಿದಾಗಲೆಲ್ಲ ಅದನ್ನೇ ಆಡಿಕೊಳ್ಳುತ್ತಾಳೆ. "ನೋಡಿ ಬರ್ತೀನಿ ಅಂತ ಹೋದವಳು, ಅನ್ನ ತಣ್ಣಗಾದ್ರೂ ಬರಲಿಲ್ಲವಲ್ಲೇ!"

ನಾನು ಹೇಳಿದ ಮಾತಿಗೆ ತಪ್ಪಿದವಳಲ್ಲ. ಇನ್ನೂ ನೋಡುತ್ತಲೇ ಇದ್ದೇನೆ.