ಹಳ್ಳದ ಮೇಲಿನ ಕೆಂಪು ಬೆಳಕು

ಅಮೃತಾ ನಮ್ಮ ಬಾಗಿಲು ಬಡಿದಾಗ ಇನ್ನೂ ಸಂಜೆ ಐದು ಗಂಟೆ. ಆದರೂ ಶಲವಡಿಯ ನಮ್ಮ ಓಣಿಯಲ್ಲಿ ಎಲ್ಲರೂ ಅಗಳಿ ಹಾಕಿಕೊಂಡಿದ್ದರು. ಹಳ್ಳದ ಕಡೆಯ ಆಕಾಶದಲ್ಲಿ, ನಡುವೆ ಒಂದು ರಾತ್ರಿ ಬಿಟ್ಟು, ಎರಡು ರಾತ್ರಿ ಕೆಂಪು ಬೆಳಕೊಂದು ಬಂದು ನಿಂತಿತ್ತು. ನಾನೂ ನೋಡಿದ್ದೆ. ಅದು ಸಣ್ಣಗೆ ತೂಗಾಡುತ್ತ ನನ್ನನ್ನೇ ನೋಡುತ್ತಿದೆ ಅನ್ನಿಸಿ ಕಿಟಕಿ ಮುಚ್ಚಿಬಿಟ್ಟಿದ್ದೆ.

ಅವಳು ಬಂದದ್ದು ಬಾಷಾಬಿ ಅಕ್ಕನನ್ನು ಹುಡುಕಿಕೊಂಡು. ಅಕ್ಕ ಮೂವತ್ತು ವರ್ಷ ಊರಿಗೆ ಅಂಚೆ ಹಂಚಿ ನಿವೃತ್ತರಾದವರು. ಊರಲ್ಲಿ ಏನೇ ಕಳೆದರೂ ಜನ ಮೊದಲು ಬರುತ್ತಿದ್ದುದು ಅವರ ಹತ್ತಿರ. ಆಶಾ ಕಾರ್ಯಕರ್ತೆಯಾದ ನಾನು, ರೋಹಿಣಿ, ಅವರ ಮನೆಯಲ್ಲೇ ಬಾಡಿಗೆಗಿದ್ದೆ.

ಅಮೃತಾಳ ತಾಯಿ ಮಲ್ಲಮ್ಮ ಹೆಸರುಕಾಳಿನ ಬೆಳೆಗೆ ಚಿಗರಿ ಜಿಂಕೆಗಳು ಬಿದ್ದು ಮೇಯದಂತೆ ಹೊಲದ ಗುಡಿಸಲಲ್ಲಿ ಮಲಗುತ್ತಿದ್ದಳು. ಬೆಳಕು ಎರಡನೇ ಸಲ ಬಂದಾಗ ನೆತ್ತಿಯ ಮೇಲೇ ನಿಂತಿತಂತೆ. ಓಡುವಾಗ ತಗ್ಗಿಗೆ ಬಿದ್ದು ಕಾಲು ಮುರಿದುಕೊಂಡು, ಬೆಳಗಿನವರೆಗೆ ಅಲ್ಲೇ ನರಳಿದ್ದಳು. ಅಷ್ಟರಲ್ಲಿ ಗಂಡ ನೆಟ್ಟಿದ್ದ ಶ್ರೀಗಂಧದ ಮರವೇ ಮಾಯವಾಗಿತ್ತು.

“ಬೆಳಕ ಗಿಡಾ ನುಂಗೇತಿ ಅಂತಾರ್ರಿ,” ಎಂದಳು ಅಮೃತಾ. “ಕೆಲವರು ಔಷಧ ಹೊಡಿಯೋ ಶಾಕೀರಣ್ಣನ ಡ್ರೋನ್ ಅಂತ ಅವನ ಮನಿ ಮುಂದ ಬಡಿಗಿ ಹಿಡದ ನಿಂತಾರ.”

“ಸಪ್ಪಳ ಇತ್ತೇನವಾ?” ಅಕ್ಕ ಕೇಳಿದರು.

“ಇಲ್ರಿ. ಬರೇ ಗಾಳಿ ಸಪ್ಪಳ.”

“ಹಂಗಾರ ಡ್ರೋನ್ ಅಲ್ಲ. ನಡುವ ಒಂದ ರಾತ್ರಿ ಯಾಕ ಬರಲಿಲ್ಲ?”

“ಅವತ್ತ ಗಾಳಿನ ಇರಲಿಲ್ರಿ.”

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದೆವು. ಹಗಲಿನಲ್ಲೂ ನಾನು ಅಕ್ಕನ ಬೆನ್ನ ಹಿಂದೆಯೇ ನಡೆದೆ. ಮರವಿದ್ದ ಜಾಗದಲ್ಲಿ ಅಕ್ಕ ಮಣ್ಣು ಸರಿಸಿದಾಗ ಗರಗಸದಿಂದ ಕೊಯ್ದ ಬುಡ ಕಂಡಿತು. ಪಕ್ಕದ ಹೊಲದಿಂದ ಮಲ್ಲಮ್ಮನ ಮೈದುನ ಮಂಜಪ್ಪ ಬಂದ.

“ವೈನಿ ಬಿದ್ದ ರಾತ್ರಿ ನಾ ಊರಾಗ ಮಾಳಗಿ ಮ್ಯಾಲಿದ್ನಿರಿ,” ಎಂದ. “ಮದಲ ಹಸರ ಇತ್ತು, ಆಮ್ಯಾಲ ಕೆಂಪಾತು. ದೆವ್ವನ ಅದು.”

ಅಕ್ಕ ಗಾಳಿ ಬೀಸುವ ದಿಕ್ಕಿಗೆ ನಡೆದರು. ದೂರದ ಜಾಲಿಯ ಮುಳ್ಳುಕಂಟಿಯಲ್ಲಿ ಹರಿದ ಪ್ಲಾಸ್ಟಿಕ್ ಗಾಳಿಪಟ ಸಿಕ್ಕಿಕೊಂಡಿತ್ತು. ಅದಕ್ಕೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಬ್ಯಾಟರಿ ದೀಪ ಕಟ್ಟಿದ್ದರು. ಊರಿಗೆ ಬಂದು ಹತ್ತಾರು ಮನೆಗಳಲ್ಲಿ ಅಕ್ಕ ಕೇಳಿದ್ದು ಒಂದೇ, ಬೆಳಕಿನ ಬಣ್ಣ ಯಾವುದು ಎಂದು. ಎಲ್ಲರೂ ಕೆಂಪು ಅಂದರು.

ಮಧ್ಯಾಹ್ನ ಪಂಚಾಯತಿ ಕಟ್ಟೆಗೆ ಎಲ್ಲರನ್ನೂ ಕರೆಸಿದರು. ಪೊಲೀಸರೂ ಬಂದಿದ್ದರು. ಮಲ್ಲಮ್ಮನನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು ತಂದರು.

“ಗಾಳಿ ಇದ್ದಾಗಷ್ಟ ಬಂತು, ಸಪ್ಪಳಿಲ್ಲ, ನಿಂತಲ್ಲೇ ತೂಗತಿತ್ತು. ಅಂದ್ರ ದಾರಕ್ಕ ಕಟ್ಟಿದ ಗಾಳಿಪಟ,” ಎಂದು ಅಕ್ಕ ದೀಪದ ಗುಂಡಿ ಒತ್ತಿದರು. ಹಸಿರು ಹತ್ತಿತು. ಮತ್ತೊಮ್ಮೆ ಒತ್ತಿದರೆ ಕೆಂಪು.

“ಏರಿಸಾಂವ ನೆಲದ ಮ್ಯಾಲ ಎರಡ ಸಲ ಒತ್ತಿ, ಕೆಂಪ ಮಾಡಿ ಬಿಟ್ಟಾನ. ಮದಲನೇ ರಾತ್ರಿ ಊರ ಹೆದರಿಸಿದ. ಮತ್ತ ಗಾಳಿ ಬಂದ ರಾತ್ರಿ ಮಲ್ಲವ್ವನ ಓಡಿಸಿ ಗಿಡ ಕೊಯ್ದ. ದಾರ ಹರದ ಪಟ ಕೈ ತಪ್ಪೇತಿ. ಊರಿಗೆ ಕಂಡದ್ದು ಬರೇ ಕೆಂಪು. ಹಸರ ಕಂಡಾಂವ ಒಬ್ಬನ. ಹೌದಲ್ಲೋ ಮಂಜಪ್ಪ?”

ಮಂಜಪ್ಪನ ಹೊಟ್ಟಿನ ಬಣವೆಯೊಳಗಿಂದ ಪೊಲೀಸರು ಗಂಧದ ತುಂಡುಗಳನ್ನು ಎಳೆದು ತಂದರು. ಶಾಕೀರನ ಮನೆ ಮುಂದೆ ನಿಂತಿದ್ದವರು ತಲೆ ತಗ್ಗಿಸಿದರು.

ಆಗ ಮಲ್ಲಮ್ಮ ಮೊಣಕೈ ಊರಿ ಎದ್ದು ಕೂತಳು. “ಗಿಡ ಹೋಗ್ಲಿ ಮಂಜಪ್ಪ. ಕಾಲ ಮುರದ ಬಿದ್ದಾಗ ನಿನ್ನ ಹೆಸರ ಹಿಡದ ಕೂಗಿದ್ನಿ. ಬಾಜೂಕ ನಿನ್ನ ಹೊಲ ಐತಿ, ಬರ್ತಿ ಅಂತ. ಕೇಳಸಲಿಲ್ಲೇನ?”

ಮಂಜಪ್ಪ ಅವಳ ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

“ಕೇಳಸ್ತು ವೈನಿ,” ಎಂದ.