ಗೋದಾಬಾಯಿಯ ಪಡಸಾಲೆಯಲ್ಲಿ ಅತ್ತವರು

ಪಡಸಾಲೆಯಲ್ಲಿ ಕುಳಿತವರೆಲ್ಲ ಅಳುತ್ತಿದ್ದರು... ಕರುಣಾ ಒಬ್ಬಳನ್ನು ಬಿಟ್ಟು!

ಟಿವಿಯಲ್ಲಿ ಅಮೆರಿಕದ ಒಬ್ಬ ಕರಿಯ ಹುಡುಗನಿಗೆ ಪೊಲೀಸರು ಬೇಡಿ ತೊಡಿಸುತ್ತಿದ್ದರು. ಅವನು ಮಾಡದ ಕೊಲೆ, ಬಣ್ಣ ನೋಡಿ ಹೊರಿಸಿದ ಆರೋಪ. ಧಾರವಾಡದ ಗೋದಾಬಾಯಿಯವರ ಮನೆಯಲ್ಲಿ ಪ್ರತಿ ಭಾನುವಾರ ಸಂಜೆ ಈ ಧಾರಾವಾಹಿಯ ಒಂದೊಂದು ಕಂತು ನೋಡುವುದು, ಆಮೇಲೆ ಸುತ್ತ ಕುಳಿತವರು ಸರದಿಯಂತೆ ತಮಗೆ ಅನ್ನಿಸಿದ್ದನ್ನು ಹೇಳುವುದು ಪದ್ಧತಿ. ಒಂದು ಕಾಲಕ್ಕೆ ಸಂಗೀತದ ಬೈಠಕ್ ನಡೆಯುತ್ತಿದ್ದ ಪಡಸಾಲೆ ಅದು. ಆಗ ತಲೆದೂಗುತ್ತಿದ್ದವರು ಈಗ ಕಣ್ಣೊರೆಸಿಕೊಳ್ಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕರುಣಾಳನ್ನು ಗೆಳತಿ ಮಾನಸಿ ಒತ್ತಾಯ ಮಾಡಿ ಕರೆತಂದಿದ್ದಳು. ಗೋಡೆಗೊರಗಿ ಸುಮ್ಮನೆ ಕುಳಿತಿದ್ದವಳ ಮುಂದೆ ಯಾರೋ ಕರವಸ್ತ್ರ ಹಿಡಿದರು. ತಲೆಯೆತ್ತಿ ನೋಡಿದರೆ ವಿನೀತ! ಗೋದಾಬಾಯಿ ಸಾಕಿ ಬೆಳೆಸಿದ ಅಣ್ಣನ ಮಗ, ಕಾಲೇಜಿನಲ್ಲಿ ಅಧ್ಯಾಪಕ. ಅವಳ ಕಣ್ಣು ಒಣಗಿದ್ದು ಕಂಡು ಅವನು ಪೆಚ್ಚಾದ.

"ನಿಮಗ ಅಳು ಬರಲಿಲ್ಲೇನ್ರಿ?"

"ನಾ ಮೊದಲ ಅತ್ತು ಮುಗಿಸೇನ್ರಿ."

ಅಷ್ಟೇ ಮಾತು. ಅಷ್ಟಕ್ಕೇ ಹುಡುಗ ಬಿದ್ದ! ಮುಂದಿನ ಭಾನುವಾರ ಅವಳ ಪಕ್ಕದ ಜಾಗ ಖಾಲಿ ಇರುವಂತೆ ಅವನೇ ನೋಡಿಕೊಂಡ. ಧಾರಾವಾಹಿ ಮುಗಿಯುವುದಿರಲಿ, ಅರ್ಧಕ್ಕೆ ಬರುವಷ್ಟರಲ್ಲೇ ಇಬ್ಬರೂ ಉಣಕಲ್ ಕೆರೆಯ ದಂಡೆಯಲ್ಲಿ ಕೈ ಹಿಡಿದು ಕುಳಿತಿದ್ದರು.

ಅಲ್ಲಿಯೇ ಒಂದು ಸಂಜೆ ಕರುಣಾ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಅವಳ ಅಣ್ಣ ಶಶಿಕುಮಾರ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ತಾಮ್ರದ ತಂತಿ ಕಳುವಾಯಿತು. ಪೊಲೀಸರು ಬಂದು ಎಲ್ಲರನ್ನೂ ಯಾವ ಓಣಿಯವರೆಂದು ಕೇಳಿದರು, ಓಣಿಯ ಹೆಸರಿನಿಂದಲೇ ಜಾತಿ ತಿಳಿದು ಅವನೊಬ್ಬನನ್ನೇ ಜೀಪು ಹತ್ತಿಸಿದರು. ನಿಜವಾದ ಕಳ್ಳ ಸಿಕ್ಕು ಅವನನ್ನು ಬಿಡುವ ಹೊತ್ತಿಗೆ ಒಂದು ಕಾಲು ಎಳೆದು ಹಾಕುವಂತಾಗಿತ್ತು. ಆ ಓಣಿ ಬಿಟ್ಟು ಹಳೇ ಹುಬ್ಬಳ್ಳಿಗೆ ಬಂದ ಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಕಾಲಿನ ಬಗ್ಗೆ ಕೇಳಿದವರಿಗೆ ಗಾಡಿಯಿಂದ ಬಿದ್ದದ್ದು ಎನ್ನುತ್ತಾನೆ.

ವಿನೀತ ಅಂದು ಅತ್ತುಬಿಟ್ಟ. ಯಾರಿಗೂ ಹೇಳಬೇಡ ಎಂದು ಅವಳು ಆಣೆ ಹಾಕಿಸಲಿಲ್ಲ. ಪ್ರೀತಿಸುವವನಿಗೆ ಅದನ್ನೂ ಬಿಡಿಸಿ ಹೇಳಬೇಕೇ?

ಕೊನೆಯ ಕಂತಿನ ಸಂಜೆ, ಎಲ್ಲರೂ ಎದ್ದು ಹೋದ ಮೇಲೆ ಮದುವೆಯ ಮಾತನ್ನು ಗೋದಾಬಾಯಿಯ ಮುಂದಿಡುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ಕರುಣಾಳ ಜಾತಿ ಆ ಮನೆಯಲ್ಲಿ ಇನ್ನೂ ಗೊತ್ತಿರಲಿಲ್ಲ. 'ಆ ಹುಡುಗನ ಸಲುವಾಗಿ ಇಷ್ಟು ಅಳೋ ಅತ್ಯಾ ನಿನ್ನ ಹೆಂಗ ಒಲ್ಲೆ ಅಂತಾಳ?' ಎಂದು ವಿನೀತ ಧೈರ್ಯ ಹೇಳಿದ್ದ. ಆ ಕಣ್ಣೀರನ್ನು ಅವನು ಪೂರ್ತಿ ನಂಬಿದ್ದ.

ಟಿವಿಯ ಹುಡುಗ ಜೈಲಿನಲ್ಲೇ ಸತ್ತ. ಗೋದಾಬಾಯಿ ಬಿಕ್ಕಿ ಬಿಕ್ಕಿ ಅತ್ತರು. ಸರದಿ ಶುರುವಾದಾಗ ನಿವೃತ್ತ ಬ್ಯಾಂಕ್ ಅಧಿಕಾರಿ ನೀಲಕಂಠಪ್ಪನವರು, ಆ ದೇಶದವರಿಗೆ ಕರುಳಿಲ್ಲ, ದೇವರ ದಯೆ, ನಮ್ಮ ಕಡೆ ಹೀಗೆಲ್ಲ ಇಲ್ಲ ಎಂದರು.

ವಿನೀತನಿಗೆ ತಡೆಯಲಾಗಲಿಲ್ಲ. ಸಿಟ್ಟೂ ಬಂದಿತ್ತು, ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಆಸೆಯೂ ಇತ್ತು.

"ನಮ್ಮ ಕಡೆನೂ ಅದ ಕಾಕಾ. ಇಲ್ಲೇ ಹುಬ್ಬಳ್ಳಿಯೊಳಗ ಆಗೇದ. ಈ ಕರುಣಾನ ಅಣ್ಣಗ."

ಬೇಡ... ಬೇಡ ವಿನೀತ... ಅವಳ ಒಳಗು ಚೀರಿತು. ಅವನು ಎಲ್ಲವನ್ನೂ ಹೇಳಿದ. ಜೀಪು, ಓಣಿ, ಜಾತಿ, ಮುರಿದ ಕಾಲು, ಒಂದನ್ನೂ ಬಿಡಲಿಲ್ಲ. ಚೆನ್ನಾಗಿಯೇ ಹೇಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅಂದು ಎರಡೂ ಒಟ್ಟಿಗೇ ಹೋದವು.

ಕೇಳಿದವರು ಒಬ್ಬರೂ ಅಳಲಿಲ್ಲ. ಗೋದಾಬಾಯಿಯ ಕೆನ್ನೆಯ ಮೇಲೆ ಆ ಅಮೆರಿಕದ ಹುಡುಗನಿಗಾಗಿ ಸುರಿಸಿದ ನೀರು ಇನ್ನೂ ಆರಿರಲಿಲ್ಲ. ಅವರು ಮೆತ್ತಗೆ ಕೇಳಿದರು.

"ಆದ್ರ... ಅಂವಾ ಖರೇನ ಕದ್ದಿರಲಿಲ್ಲೇನವಾ?"

ಕರುಣಾ ವಿನೀತನತ್ತ ನೋಡಿದಳು. ಅವನು ಉತ್ತರ ಕೊಡುತ್ತಾನೆ, ಈಗ ಕೊಡುತ್ತಾನೆ... ಅವನು ಕೊಡಲಿಲ್ಲ. ಎಲ್ಲರ ಹಾಗೆ ಅವನೂ ಅವಳ ಮುಖ ನೋಡುತ್ತ ಕುಳಿತಿದ್ದ!

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಎಷ್ಟು ಸಲ ಫೋನ್ ಮಾಡಿದರೂ ಎತ್ತದಿದ್ದಾಗ, ಒಂದು ಮಧ್ಯಾಹ್ನ ವಿನೀತ ಹಳೇ ಹುಬ್ಬಳ್ಳಿಗೆ ಬಂದ. ಗುಲ್ಜಾರಬಿಯ ಬಳೆ ಅಂಗಡಿಯ ಪಕ್ಕ, ಓಣಿಯ ಬಾಯಲ್ಲೇ ಕರುಣಾ ಅವನನ್ನು ತಡೆದಳು. ಮದುವೆಯ ಮಾತಿಗೆ ಗೋದಾಬಾಯಿ ಏನೆಂದರೆಂದು ಅವಳು ಕೇಳಲಿಲ್ಲ, ಅವನೇ ಹೇಳಿದ. ಹುಡುಗಿ ಬಂಗಾರದಂಥವಳು, ಆದರೆ ಪೊಲೀಸ್ ಸ್ಟೇಷನ್ ಕಂಡ ಮನೆ ಬೇಡ ಎಂದಿದ್ದರು. ಜಾತಿಯ ಮಾತನ್ನೇ ಎತ್ತಲಿಲ್ಲವಂತೆ. ಎತ್ತದೆ ಒಲ್ಲೆನೆನ್ನಲು ಅವರಿಗೊಂದು ನೆಪ ಬೇಕಿತ್ತು, ಅದನ್ನು ಸೋದರಳಿಯನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದ.

"ನಾ ಮನಿ ಬಿಟ್ಟು ಬರ್ತೀನಿ ಕರುಣಾ. ಮೊದಲ ನಿಮ್ಮ ಅಣ್ಣನ ಕಾಲು ಹಿಡಿದು ತಪ್ಪಾತು ಅಂತೀನಿ."

"ಏನಂತ ಹೇಳ್ತೀರಿ ಅವಗ? ಮಂದಿ ಕೂತು ನಿನ್ನ ಕಥಿ ಕೇಳಿದ್ರು ಅಂತನಾ? ಅಂವಾ ಈಗ ಒಂದೀಟು ನಗಾಕತ್ತಾನ್ರಿ."

ವಿನೀತನ ತಲೆ ತಗ್ಗಿತು. ಕ್ಷಮೆ ಕೇಳುವುದಕ್ಕೂ ದಾರಿ ಉಳಿದಿರಲಿಲ್ಲ.

"ಒಂದು ಮಾತು ಖರೇ ಹೇಳ್ರಿ. ನಿಮ್ಮ ಅತ್ತಿ ಕೇಳಿದಾಗ ನನ್ನ ಮಾರಿ ಯಾಕ ನೋಡಿದ್ರಿ?"

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಒಂದ ಗಳಿಗಿ... ಅಂವಾ ಕದ್ದಿಲ್ಲ ಅಂತ ನನಗೂ ನಿನ್ನ ಬಾಯಿಂದ ಕೇಳಬೇಕು ಅನ್ನಿಸ್ತು."

ಅವನು ಸುಳ್ಳು ಹೇಳಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಈಗ ಅದೂ ಆಗದು. ನಿಜ ಹೇಳಿದ್ದಕ್ಕೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಆ ನಿಜಕ್ಕೇ ಎದೆ ಒಡೆಯಿತು. ಇಷ್ಟು ದಿನ ಬಾರದ ಕಣ್ಣೀರು ಆ ನಡು ಬೀದಿಯಲ್ಲಿ ಬಂತು.

"ನನ್ನ ಮ್ಯಾಲೆ ಪ್ರೀತಿ ಉಳಿದಿಲ್ಲೇನು?" ವಿನೀತ ಕೇಳಿದ.

"ಐತ್ರಿ. ಭಾಳ ಐತಿ. ಆದ್ರ ಇನ್ನ ಮ್ಯಾಲೆ ನಿಮ್ಮ ಮುಂದ ಏನೂ ಹೇಳಾಕ ಆಗೂದಿಲ್ಲ ನನಗ. ಏನೂ ಹೇಳದ ನಿಮ್ಮ ಜೋಡಿ ಹೆಂಗ ಬಾಳೇ ಮಾಡ್ಲಿ?"

ಅವನ ಕೈ ಅವಳ ಕಣ್ಣೊರೆಸಲು ಮೇಲೆದ್ದು, ಅರ್ಧಕ್ಕೆ ನಿಂತಿತು. ಅವಳೇ ಆ ಕೈ ಹಿಡಿದು ಒಂದು ಸಲ ಕೆನ್ನೆಗೊತ್ತಿಕೊಂಡು ಬಿಟ್ಟಳು.

"ಹೋಗ್ಲ್ಯಾ?"

"ಹೂಂ. ಬಿಸಲು ಭಾಳ ಐತಿ... ನೆಳ್ಳ ಹಿಡದು ಹೋಗ್ರಿ."