ಮಲ್ಲಿಗಮ್ಮನ ಕೌದಿ ಬಿಚ್ಚಿದ ಕೈ

ಒಗೆದ ಜಮಖಾನದ ಒಂದು ತುದಿಯನ್ನು ರೂಪಶ್ರೀ, ಇನ್ನೊಂದನ್ನು ದೊಡ್ಡತಾಯಮ್ಮ ಹಿಡಿದು ಹಿಂಡುತ್ತಿದ್ದಾಗ ಗೇಟು ತಳ್ಳಿಕೊಂಡು ಮಂಚಯ್ಯ ಬಂದ. ಹಿಂದಿನ ಬೀದಿಯ ಕಲಾಭವನದ ಕಾವಲುಗಾರ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

"ಅವ್ವಾ, ಕೌದೀನ ಯಾರೋ ಬಿಚ್ಚಾಕ್ಬುಟ್ಟವ್ರೆ. ಬೀಗದ್ಕೈ ನನ್ತಾವಿತ್ತು ಅಂತ ನನ್ ಮ್ಯಾಲೇ ಆಕ್ತಾವ್ರೆ. ಪೊಲೀಸ್ನೋರ್ನ ಕರುಸ್ತೀನಿ ಅಂತಾವ್ರೆ ಆ ಮೇಡಮ್ಮು."

ದೊಡ್ಡತಾಯಮ್ಮ ಅರಕಲಗೂಡಿನಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತರಾದವರು. ಹಾಸನದ ಆ ಬಡಾವಣೆಯಲ್ಲಿ ಓಲೆ ಕಳೆದರೂ, ಹುಡುಗಿ ಮನೆ ಬಿಟ್ಟು ಹೋದರೂ ಜನ ಮೊದಲು ಬರುತ್ತಿದ್ದುದು ಅವರ ಬಾಗಿಲಿಗೆ. ಮಹಡಿಯಲ್ಲಿ ಬಾಡಿಗೆಗಿದ್ದ ರೂಪಶ್ರೀ ಐದು ವರ್ಷಗಳಿಂದ ಅವರ ಜೊತೆಗಾತಿ. ಜಮಖಾನವನ್ನು ಬಕೆಟ್ಟಿನಲ್ಲೇ ಬಿಟ್ಟು ಇಬ್ಬರೂ ಹೊರಟರು.

ಭವನದ ಗೋಡೆಯ ಮೇಲೆ ಕೌದಿ ತೂಗುತ್ತಿತ್ತು. ಬಾಗೂರಿನ ಮಲ್ಲಿಗಮ್ಮ ಹಳೆಯ ಸೀರೆ, ಪಂಚೆ, ಲಂಗಗಳ ತುಂಡುಗಳನ್ನು ಕೂಡಿಸಿ ಎರಡು ವರ್ಷ ಹೊಲಿದ ಕೌದಿ. ಅಂಚೆಲ್ಲ ಹಾಗೇ ಇತ್ತು; ನಡುವೆ ಮಾತ್ರ ಒಂದು ಮಾರಿನಷ್ಟು ಜಾಗದಲ್ಲಿ ಹೊಲಿಗೆ ಬಿಚ್ಚಿ, ತುಂಡುಗಳು ನೆಲಕ್ಕೆ ಬಿದ್ದಿದ್ದವು.

"ಹತ್ತು ಗಂಟೆಗೆ ಉದ್ಘಾಟನೆ," ಎಂದಳು ಸ್ನೇಹಲತಾ. ಬಟ್ಟೆಯಲ್ಲೇ ಕಲಾಕೃತಿ ಮಾಡುವವಳು, ಪ್ರದರ್ಶನ ಅವಳದು. ಅತ್ತು ಅವಳ ಮೂಗು ಕೆಂಪಾಗಿತ್ತು. "ಮೊನ್ನೆ ಕೈಗೆ ಬಂದಾಗ ಈ ನಡುವಿನ ಭಾಗ ನೋಡಿ ಮೈ ಜುಮ್ಮೆಂದಿತ್ತು ತಾಯಮ್ಮಾ. ಒಂದೇ ಒಂದು ಹೊಲಿಗೆ ಸೊಟ್ಟಗಿರಲಿಲ್ಲ. ಅದನ್ನೇ ಹಾಳು ಮಾಡಿದ್ದಾರೆ."

"ನಿಮ್ ಎಸ್ರು ಕೌದಿಗಿಂತ ದೊಡ್ದಾಗದಲ್ಲ ಮೇಡಮ್, ಅದುನ್ನೇ ತೂಗಾಕಿ," ಎಂದ ಮಲ್ಲಿಗಮ್ಮನ ಮಗ ಕೀರ್ತಿರಾಜ್. ಪಕ್ಕದ ಫಲಕದಲ್ಲಿ 'ಪರಿಕಲ್ಪನೆ: ಸ್ನೇಹಲತಾ' ಎಂಬುದು ಅಂಗೈಯಗಲ ಇತ್ತು. 'ಹೊಲಿಗೆ: ಮಲ್ಲಿಗಮ್ಮ' ಎಂಬುದನ್ನು ಓದಲು ಬಗ್ಗಬೇಕಿತ್ತು.

ಆ ಮಾತು ಕೇಳಿ ರೂಪಶ್ರೀಗೆ ಅವನ ಮೇಲೇ ಅನುಮಾನ ಬಂತು. ಅವನು, ಅವನ ತಾಯಿ, ಎಂಟು ವರ್ಷದ ಮಗಳು ಮಾನ್ಯ ಭವನದ ಪಕ್ಕದ ಕೋಣೆಯಲ್ಲೇ ಮಲಗಿದ್ದರು. ಅಲ್ಲಿಂದ ಭವನಕ್ಕೆ ತೆರೆಯುವ ಒಳಬಾಗಿಲಿಗೆ ಬರೀ ಚಿಲಕ.

ದೊಡ್ಡತಾಯಮ್ಮ ನೆಲದ ಮೇಲೆ ಕುಳಿತು ನೂಲು ಆರಿಸತೊಡಗಿದರು. ಒಂದು ಬಗೆಯದು ಅಕ್ಕಿನುಚ್ಚಿನಂತೆ ಚೂರು ಚೂರು. ಇನ್ನೊಂದು ಉದ್ದುದ್ದ ಎಳೆ. ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ರೂಪಶ್ರೀಯ ಕೈಗಿಟ್ಟರು. ಬಿದ್ದಿದ್ದ ತುಂಡುಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದರು. ಒಂದಕ್ಕೂ ಕತ್ತರಿ ತಾಗಿರಲಿಲ್ಲ, ಒಂದೂ ಹರಿದಿರಲಿಲ್ಲ.

"ರಾತ್ರಿ ದೀಪ ಉರೀತಿತ್ತಾ ಮಂಚಯ್ಯ?"

"ಎಲ್ಲೀ ದೀಪ! ಏಳಕ್ಕೆ ಓದ ಕರೆಂಟು ಬೆಳಗಾನ ಬಂತು. ಈ ಗಾಜಿನ ಬಾಗ್ಲಲ್ಲೇ ಬಿದ್ಕಂಡಿದ್ದೆ, ಸೊಳ್ಳೆಗೆ ಕಣ್ ಮುಚ್ಲಿಲ್ಲ. ಒಂದು ಬೆಂಕಿಕಡ್ಡಿ ಗೀರಿದ್ರೂ ಕಾಣ್ತಿತ್ತು. ಒಳ್ಗೆ ಕಗ್ಗತ್ಲು ಕಣವ್ವಾ."

"ಸುಳ್ಳು ಹೇಳೋದಾದರೆ ಟಾರ್ಚ್ ಕಂಡೆ ಅಂತಿದ್ದ," ಎಂದು ದೊಡ್ಡತಾಯಮ್ಮ ರೂಪಶ್ರೀಯ ಕಿವಿಯಲ್ಲಿ ಹೇಳಿದರು.

ಪಕ್ಕದ ಕೋಣೆಯಲ್ಲಿ ಮಲ್ಲಿಗಮ್ಮ ಗೋಡೆಗೊರಗಿ ಕುಳಿತಿದ್ದಳು. ಮಾನ್ಯ ಅವಳ ಮಗ್ಗುಲಲ್ಲಿ ಸೂಜಿಗೆ ದಾರ ಪೋಣಿಸಿ ಬಟ್ಟೆಯ ದಿಂಬಿಗೆ ಚುಚ್ಚುತ್ತಿದ್ದಳು. ಮಗುವಿನ ಬೆರಳ ತುದಿಯ ಸೂಜಿ ಗಾಯಗಳನ್ನು ನೋಡಿ ರೂಪಶ್ರೀ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಇದೇನು ಮಗಾ, ಒಂದು ದಾರಕ್ಕೆ ಒಂದು ಗಂಟು, ಇನ್ನೊಂದಕ್ಕೆ ಮೂರು?"

"ಒಂದ್ ಗಂಟು ಬಿಳೀದು, ಎಲ್ಡು ಕೆಂಪು, ಮೂರು ಕರೀದು. ಅಜ್ಜಿ ಅಂಗೇ ಆಕು ಅಂತದೆ."

ದೊಡ್ಡತಾಯಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಎಷ್ಟೋ ಪ್ರಕರಣಗಳಲ್ಲಿ ಈ ಗಳಿಗೆ ಬಂದಾಗ ಅವರ ಮುಖ ಅರಳುವುದನ್ನು ರೂಪಶ್ರೀ ಕಂಡಿದ್ದಳು. ಈ ಸಲ ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಕಣೇ," ಎಂದರು.

ಒಂಬತ್ತಕ್ಕೆ ಎಲ್ಲರೂ ಕೌದಿಯ ಮುಂದೆ ಸೇರಿದರು. ಮಲ್ಲಿಗಮ್ಮ ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ಬಂದಳು. ಸ್ನೇಹಲತಾ ಫೋನು ಹಿಡಿದೇ ನಿಂತಿದ್ದಳು.

"ಮೊದಲು ನೂಲು," ಎಂದು ದೊಡ್ಡತಾಯಮ್ಮ ಕಾಗದ ಬಿಚ್ಚಿದರು. "ಕೈಹೊಲಿಗೆಗೆ ಒಂದೇ ನೂಲು. ಇಲ್ಲಿ ಎರಡಿವೆ. ಚೂರಾಗಿರೋದು ಮೇಲಿನ ನೂಲು, ಉದ್ದಕ್ಕೆ ಬಂದಿರೋದು ಅಡಿಯ ನೂಲು. ಮಿಷಿನ್ ಹೊಲಿಗೆ ಬಿಚ್ಚಿದರೆ ಹೀಗೇ ಆಗೋದು. ಕೌದಿ ಅಂಚಿನಿಂದ ಒಳಗೆ ಸಾಗುತ್ತೆ, ನಡು ಕೊನೆಗೆ. ಅಂದರೆ ಮಲ್ಲಿಗಮ್ಮ ನಿಲ್ಲಿಸಿದ ಮೇಲೆ ಇನ್ಯಾರೋ ಮುಗಿಸಿದ್ದಾರೆ. ಅದಕ್ಕೇ ಒಂದೂ ಹೊಲಿಗೆ ಸೊಟ್ಟಗಿರಲಿಲ್ಲ ಸ್ನೇಹಲತಾ."

ಸ್ನೇಹಲತಾಳ ಕಿವಿಯವರೆಗೂ ರಕ್ತ ಏರಿತು.

"ಚನ್ರಾಯಪಟ್ಣದ ಟೈಲರ್ತಾವ ಮಾಡಿಸ್ದೆ," ಎಂದ ಕೀರ್ತಿರಾಜ್. "ಮೂರು ತಿಂಗ್ಳು ಅದೇ ನಡೂನೇ ಸವರ್ತಾ ಕುಂತಿತ್ತು ನಮ್ಮವ್ವ. ಮಾಡ್ತೀನಿ, ಮಾಡ್ತೀನಿ ಅನ್ನದು, ಸೂಜಿ ಇಳೀತಿರ್ಲಿಲ್ಲ. ಅದುಕ್ ಒಂದ್ ಮಾತೂ ಯೋಳ್ದೆ ಎತ್ಕಂಡೋದೆ."

"ಸರಿ. ಆದರೆ ಬಿಚ್ಚಿದವರು ಮಿಷಿನ್ನು ಮುಟ್ಟಿದ ಜಾಗ ಮಾತ್ರ ಬಿಚ್ಚಿದ್ದಾರೆ. ಪಕ್ಕದ ಕೈಹೊಲಿಗೆಯ ಒಂದು ಎಳೆಯೂ ಸಡಿಲವಾಗಿಲ್ಲ. ನಮಗೆ ಯಾರಿಗೂ ಕಣ್ಣಲ್ಲಿ ಗೊತ್ತಾಗದ ಗೆರೆ ಅವರ ಬೆರಳಿಗೆ ಗೊತ್ತಾಗಿದೆ. ಕತ್ತಲಲ್ಲಿ ಸೂಜಿಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ಕಡಿದಿದ್ದಾರೆ. ಮಂಚಯ್ಯನಿಗೂ ಆಗಲ್ಲ, ಕೀರ್ತಿರಾಜನಿಗೂ ಆಗಲ್ಲ, ದೀಪ ಬೇಕು. ದೀಪ ಇದ್ದರೂ ಒಂದೇ, ಆರಿದರೂ ಒಂದೇ ಅನ್ನೋರಿಗೆ ಮಾತ್ರ ಆಗುತ್ತೆ. ದಾರದ ಬಣ್ಣವನ್ನು ಗಂಟು ಎಣಿಸಿ ತಿಳಿಯೋರಿಗೆ."

ಮುಂದಿನದನ್ನು ಬಿಚ್ಚಿದವರೇ ಹೇಳಲೆಂದು ಅವರು ಕಾದರು.

"ಮಂಚಯ್ಯನ್ನ ಬುಟ್ಬುಡಿ. ನಾನೇ ಬಿಚ್ದೆ," ಎಂದಳು ಮಲ್ಲಿಗಮ್ಮ. "ನೆನ್ನೆ ಫೋಟೋಕ್ಕೆ ಅಂತ ಕೌದಿ ಮ್ಯಾಲೆ ಕೈ ಇಡ್ಸಿದ್ರಿ. ನಡುವ್ಕೆ ಬಂದ್ರೆ ನನ್ ಹೊಲ್ಗೆ ಅಲ್ಲ. ಅತ್ತೆ ಸೀರೆ, ಸತ್ತ ಸೊಸೆ ಧನಲಕ್ಷ್ಮಿ ಲಂಗ, ಎಲ್ಲಾನೂ ಅದ್ಯಾವುದೋ ಕಬ್ಬಿಣ ಚುಚ್ಚಿ ಚುಚ್ಚಿ ಬಿಗುದ್ಬುಟ್ಟದೆ. ಎಂಗೆ ಬುಡ್ಲಿ?"

"ಕಣ್ಣು ಯಾವಾಗಿಂದ ಹಿಂಗೆ?" ರೂಪಶ್ರೀ ಮೆಲ್ಲಗೆ ಕೇಳಿದಳು.

"ಮಂಜಾಗಿ ವರ್ಸಾತು, ಮೂರ್ನಾಕು ತಿಂಗ್ಳಿಂದ ಪೂರ್ತಿ ಕತ್ಲು. ಶಾಂತಿಗ್ರಾಮದ ಕಣ್ಣಿನ್ ಕ್ಯಾಂಪಲ್ಲಿ ನರ ಒಣಗೋಗದೆ, ಇನ್ನು ಬರಾಕಿಲ್ಲ ಅಂದ್ರು. ಇವ್ನಿಗ್ ಯೋಳ್ಲಿಲ್ಲ."

"ಗೊತ್ತಿತ್ತು ಕಣವ್ವಾ," ಎಂದ ಕೀರ್ತಿರಾಜ್, ನೆಲ ನೋಡುತ್ತ. "ಲೋಟ ತಡಕಾಡದ ಕಂಡಿದ್ದೆ. ಕೇಳಕ್ಕೆ ಬಾಯಿ ಬರ್ಲಿಲ್ಲ. ಕೌದಿ ಮುಗೀಲಿಲ್ಲ ಅಂದ್ರೆ ಮೇಡಮ್ಗೆ ತಿಳ್ದೋಯ್ತದೆ ಅಂತ..."

ಸ್ನೇಹಲತಾ ಫೋನನ್ನು ಚೀಲಕ್ಕೆ ಹಾಕಿದಳು. ಮುಂದಿನ ತಿಂಗಳಿಂದ ಹೊಳೆನರಸೀಪುರದಲ್ಲಿ ಹತ್ತು ಹುಡುಗಿಯರಿಗೆ ಮಲ್ಲಿಗಮ್ಮ ಕೌದಿ ಕಲಿಸಬೇಕಿತ್ತು. "ಹಾಗಾದರೆ ಆ ತರಗತಿ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟಳು.

ಮಲ್ಲಿಗಮ್ಮ ಕೌದಿಯ ಬರಿದಾದ ನಡುವಿಗೆ ಕೈ ಹಾಕಿ, ಆಚೆಯ ತಣ್ಣನೆ ಗೋಡೆ ಮುಟ್ಟಿದಳು. "ಇದುನ್ನ ತುಂಬೋಕೆ ನನ್ ಕೈಲಿ ಆಗಾಕಿಲ್ಲ. ಬೆರಳು ಬಿಚ್ತದೆ ಅಷ್ಟೇ. ಹೊಸ್ದಾಗಿ ಗೆರೆ ಎಳೀಬೇಕಂದ್ರೆ ದಿಕ್ಕೇ ತಪ್ಪೋಯ್ತದೆ. ನಾ ಕಲ್ತಿದ್ದು ಇಲ್ಲಿಗೇ ನಿಂತೋಯ್ತು."

ಇಂಥ ಹೊತ್ತಿನಲ್ಲಿ ಹೇಳಬೇಕಾದ ಸಮಾಧಾನದ ಮಾತುಗಳೆಲ್ಲ ರೂಪಶ್ರೀಗೆ ನೆನಪಾದವು. ಒಂದೂ ನಿಜವಲ್ಲ ಎನ್ನಿಸಿತು. ದೊಡ್ಡತಾಯಮ್ಮ ನೂಲಿನ ಕಾಗದಗಳನ್ನು ಮಡಚುತ್ತಲೇ ಇದ್ದರು.

ಮಾನ್ಯ ಅಷ್ಟು ಹೊತ್ತೂ ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದಳು. ಈಗ ಅಜ್ಜಿಯ ಎದುರಿಗೆ ಬಂದು ತುದಿಗಾಲಲ್ಲಿ ನಿಂತು, ಆ ಮುಖವನ್ನು ಎರಡೂ ಕೈಯಲ್ಲಿ ತನ್ನ ಕಡೆಗೆ ತಿರುಗಿಸಿಕೊಂಡಳು.

"ಅಜ್ಜೀ, ನಾನು ಕಾಣ್ತೀನಾ ನಿಂಗೆ?"